ತೊರಗಲ್ ಕ್ರಾಸಿನಲ್ಲಿ ತುಂಬಿದ ಉಡಿ

ಮೊನ್ನೆ ಚಳಿ ಸುರುವಾಯಿತೆಂದು ಕೌದಿ ತೆಗೆಯಲು ಹಳೆಯ ಟ್ರಂಕು ಬಿಚ್ಚಿದೆ. ಕೌದಿಯ ಕೆಳಗೆ ಒಂದು ಕರಿ ಚಡ್ಡಿ ಸಿಕ್ಕಿತು. ನನ್ನ ಸೊಸೆ ಅದನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, "ಅತ್ತೀ, ಇದನ್ನ ನೆಲಾ ಒರಸಾಕ ತಗೊಳ್ಳೇನ್ರಿ?" ಎಂದು ಕೇಳಿದಳು.

"ತಗೋ, ಮೊದಲ ಅದರಿಂದ ನನ್ನ ಮಾರಿ ಒರಸು" ಎಂದೆ. ನನ್ನ ಬಾಯಿಯೇ ಹಾಗೆ. ಸೊಸೆ ಒಳ್ಳೆಯವಳು, ನಕ್ಕು ಒಳಗೆ ಹೋದಳು. ನಾನು ಚಡ್ಡಿಯನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತೆ. ಅದನ್ನು ಹೊಲಿದವಳು ನಾನೇ. ಅದು ಮೊದಲು ಚಡ್ಡಿಯಾಗಿರಲಿಲ್ಲ, ನಮ್ಮವರ ಮದುವೆಯ ಪ್ಯಾಂಟು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ, ಆಗಲೇ ನಾನು ಅದನ್ನು ಮಂಡಿಯ ಮೇಲಕ್ಕೆ ಕತ್ತರಿಸಿ, ಕೂರುವ ಜಾಗಕ್ಕೆ ಒಳಗಿನಿಂದ ಮೆತ್ತನೆಯ ಆಡಿನ ಚರ್ಮ ಇಟ್ಟು ಹೊಲಿದಿದ್ದೆ. ಚರ್ಮದ ಚಪ್ಪಲಿಯನ್ನು ಹೊಸ್ತಿಲಿನ ಹೊರಗೇ ಬಿಡುವ ಮನೆ ನಮ್ಮದು. ಹೊಲಿದು ಮುಗಿಸಿದ ಮೇಲೆ ಮಷೀನಿಗೆ ವಿಭೂತಿ ಹಚ್ಚಿ, ತಪ್ಪಾಯಿತು ಎಂದು ಕೈ ಮುಗಿದಿದ್ದೆ. ದೇವರಿಗೆ ಮುಗಿದೆನೋ ಮಷೀನಿಗೆ ಮುಗಿದೆನೋ, ಈಗ ಕೇಳಿದರೆ ಹೇಳಲಾರೆ.

ಚಡ್ಡಿ ನನ್ನ ನಾದಿನಿ ನೀಲಾಳದು. ನಾದಿನಿ ಎಂದ ಕೂಡಲೇ ನೀವು ಜಗಳದ ಕತೆ ಬರುತ್ತದೆಂದು ಕಿವಿ ನಿಮಿರಿಸಿದ್ದರೆ ಅದು ನಿಮ್ಮ ತಪ್ಪಲ್ಲ. ನನ್ನ ತವರು ತೊರಗಲ್ಲು. ಅಲ್ಲಿಂದ ಸಂಪಗಾಂವಕ್ಕೆ ಸೊಸೆಯಾಗಿ ಹೊರಟಾಗ ನನ್ನನ್ನು ಸಾಕಿದ ಚಿಗವ್ವ ಹೇಳಿದ್ದೂ ಅದನ್ನೇ: "ಅತ್ತಿನ್ನ ಹೆಂಗರ ಸಂಭಾಳಿಸಬಹುದು, ನಾದಿನಿ ಮುಂದ ಮಾತ್ರ ಹುಷಾರಿರಬೇಕವಾ." ನಾನು ಹುಷಾರಾಗಿಯೇ ಬಂದೆ. ಬಂದ ಮೂರನೆಯ ದಿನ ನೀಲಾ ಅಂಗಳದಲ್ಲಿ ತನ್ನ ಅಣ್ಣನ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು, ಮೊಣಕೈಯವರೆಗೂ ಕರಿ ಎಣ್ಣೆ ಮಾಡಿಕೊಂಡು ಚೈನು ಕೂರಿಸುತ್ತಿದ್ದಳು. ನನ್ನನ್ನು ನೋಡಿ, "ವೈನೀ, ಈ ತುದಿ ಒಂದೀಟು ಹಿಡೀರಿ" ಎಂದಳು. ಹಿಡಿದೆ. ನನ್ನ ಹೊಸ ಸೀರೆ ಹಾಳಾಯಿತು. ಹುಷಾರಿ ಅಲ್ಲಿಗೆ ಮುಗಿಯಿತು.

ಇದು ಎಪ್ಪತ್ತರ ದಶಕದ ಮಾತು. ನೀಲಾ ಬೈಲಹೊಂಗಲದ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಅರಳೆ ಅಂಡಿಗೆಯ ಹಾಗೆ ಜನ ತುಂಬಿರುತ್ತಿದ್ದರು. "ಗಂಡಸರ ನಡುವ ಜೋತಾಡಿಕೋತ ಹೋಗೂದಕ್ಕಿಂತ ಸೈಕಲ್ ಪಾಡ" ಎಂದು ನಮ್ಮ ಮಾವನವರೇ ಅಪ್ಪಣೆ ಕೊಟ್ಟಿದ್ದರು. ಅವರು ಕೊಟ್ಟದ್ದು ಕಾಲೇಜಿಗೆ ಹೋಗಿ ಬರುವ ಅಪ್ಪಣೆ. ಇವಳು ಬಸ್ಸನ್ನೇ ಹಿಂದೆ ಹಾಕಲು ಸುರು ಮಾಡಿದಳು. ಬೈಲಹೊಂಗಲದ ಸಾಲಿಯಲ್ಲಿ ಮಾಸ್ತರರಾಗಿದ್ದ ನಮ್ಮವರು ಒಂದು ದಿನ ಬಸ್ಸಿನ ಕಿಟಕಿಯಿಂದ ನೋಡುತ್ತಾರೆ, ಎದುರು ಗಾಳಿಯಲ್ಲಿ ತಂಗಿ ಬಸ್ಸು ದಾಟಿ ಹೋಗುತ್ತಿದ್ದಾಳೆ. ಡ್ರೈವರ್ ಹಾರ್ನ್ ಹೊಡೆದರೂ ಹಿಂದೆ ನೋಡಲಿಲ್ಲವಂತೆ. ಮನೆಗೆ ಬಂದು ನನಗೆ ಹೇಳುವಾಗ ಅವರಿಗೆ ಅರ್ಧ ಸಿಟ್ಟು, ಅರ್ಧ ಹೆಮ್ಮೆ.

ಕೆಲವು ದಿನ ಬಿಟ್ಟು ಅವರೇ ಪೇಪರಿನ ತುಂಡೊಂದನ್ನು ಕಿಸೆಯಲ್ಲಿ ಮಡಚಿಕೊಂಡು ಬಂದರು. ಹೆಣ್ಣುಮಕ್ಕಳ ರಸ್ತೆ ಸೈಕಲ್ ಓಟ, ಸವದತ್ತಿಯಿಂದ ರಾಮದುರ್ಗಕ್ಕೆ. ಮೊದಲ ಇಬ್ಬರನ್ನು ರಾಜ್ಯದ ತಂಡದ ತರಬೇತಿಗೆ ಆರಿಸುತ್ತಾರೆ. ಅಲ್ಲಿ ಚೆನ್ನಾಗಿ ತುಳಿದವರಿಗೆ ಆಟಗಾರರ ಕೋಟಾದಲ್ಲಿ ನೌಕರಿ ಸಿಗುವುದೂ ಉಂಟು. ನೀಲಾ ಆ ತುಂಡನ್ನು ಎಷ್ಟು ಸಲ ಓದಿದಳೋ, ಮಡಿಕೆಯಲ್ಲಿ ಹರಿದೇ ಹೋಯಿತು.

"ವೈನೀ, ನಾ ಸೈಕಲ್ ತುಳದು ಪಗಾರ ತಗೋತೇನಿ ನೋಡ್ರಿ" ಎಂದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೈಕಲ್ ತುಳಿದು ಪಗಾರ ತೆಗೆದುಕೊಳ್ಳುವವನೆಂದರೆ ನನಗೆ ಗೊತ್ತಿದ್ದವನು ಅಂಚೆಯವನೊಬ್ಬನೇ. ಅವಳು ನಗಲಿಲ್ಲ. ನನ್ನ ನಗೆ ಮುಗಿಯುವತನಕ ಕಾದು, "ಚಡ್ಡಿ ಹೊಲದು ಕೊಡತೀರೇನ್ರಿ?" ಎಂದಳು.

ಚಡ್ಡಿ ಹೊಲಿಯುವುದು ಸುಲಭ. ಅದನ್ನು ಹಾಕಿಕೊಂಡು ಸಂಪಗಾಂವದ ಓಣಿ ದಾಟುವುದು ಹೇಗೆ? ಇಲ್ಲಿ ನಾನು ಚರಗಿಯ ವಿಷಯ ಹೇಳಲೇಬೇಕು, ನೀವು ಮೂಗು ಮುರಿಯಬಾರದು. ಆಗ ನಮ್ಮಲ್ಲಿ ಹೆಂಗಸರು ನಸುಕಿನಲ್ಲಿ ನೀರಿನ ಚರಗಿ ಹಿಡಿದು ಬಯಲಿಗೆ ಹೋಗುತ್ತಿದ್ದೆವು. ಚರಗಿ ಹಿಡಿದ ಹೆಂಗಸನ್ನು ಎಲ್ಲಿಗೆ ಹೊರಟೆ, ಯಾಕೆ ತಡವಾಯಿತು ಎಂದು ಯಾವ ಗಂಡಸೂ ಕೇಳುವುದಿಲ್ಲ, ಎದುರಿಗೆ ಬಂದರೆ ಮುಖ ಆ ಕಡೆ ಮಾಡುತ್ತಾನೆ. ನಮಗೆ ಇದ್ದ ಸ್ವಾತಂತ್ರ್ಯ ಅದೊಂದೇ, ಅದನ್ನೇ ಬಳಸಿಕೊಂಡೆವು. ಹಿಂದಿನ ಸಂಜೆಯೇ ನಮ್ಮವರು ಸೈಕಲ್ಲನ್ನು ಹೊಲದ ಬಣವಿಯ ಹಿಂದೆ ಇಟ್ಟು ಬರುತ್ತಿದ್ದರು. ನಸುಕಿನಲ್ಲಿ ನಾವಿಬ್ಬರೂ ಚರಗಿ ಹಿಡಿದು ಹೊರಡುವುದು. ಬಣವಿಯ ಮರೆಯಲ್ಲಿ ನೀಲಾ ಸೀರೆ ಬಿಚ್ಚಿ ನನ್ನ ಕೈಗೆ ಕೊಡುವುದು, ಒಳಗೆ ಚಡ್ಡಿ, ಅಣ್ಣನ ಹಳೆಯ ಅಂಗಿ. ಅವಳು ಕಿತ್ತೂರಿನ ದಾರಿ ಹಿಡಿದು ಹೋಗಿಬಿಡುವಳು. ನಾನು ಎರಡು ಚರಗಿ, ಒಂದು ಸೀರೆ ಕಾಯುತ್ತ ಕೂರುವವಳು. ಹೊತ್ತು ಮೂಡಿ ಜನ ಹೊಲಕ್ಕೆ ಬರುವ ವೇಳೆಗೆ ಅವಳು ಬೆವರಿನಲ್ಲಿ ತೊಯ್ದು ವಾಪಸು ಬರುವಳು. ನಮ್ಮವರ ಗಡಿಯಾರ ನನ್ನ ಕೈಯಲ್ಲಿರುತ್ತಿತ್ತು. "ಎಷ್ಟಾತ್ರಿ?" ಎಂಬುದೇ ಅವಳ ಮೊದಲ ಮಾತು. ನಿನ್ನೆಗಿಂತ ಅರ್ಧ ನಿಮಿಷ ಕಡಿಮೆಯೆಂದರೆ ಆ ದಿನವೆಲ್ಲ ಹಾಡಿಕೊಳ್ಳುವಳು. ಹೆಚ್ಚಾಗಿದ್ದರೆ ಊಟವೂ ಸೇರುತ್ತಿರಲಿಲ್ಲ. ಮಳೆ ಬಂದು ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ಅಲ್ಲಾಡದಾದ ದಿನ ಅದನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆ ಮುಟ್ಟಿದ್ದನ್ನೂ ನಾನು ಕಂಡಿದ್ದೇನೆ.

ಇಷ್ಟು ಹೊತ್ತು ಬಯಲಿನಲ್ಲಿ ಏನು ಮಾಡುತ್ತೀರಿ ಎಂದು ಅತ್ತೆ ಕೇಳಿದಾಗ, ನನಗೆ ಬೇರೇನೂ ಹೊಳೆಯದೆ, "ನೀಲಾನ ಹೊಟ್ಟಿ ಕೆಟ್ಟೈತ್ರಿ" ಎಂದುಬಿಟ್ಟೆ. ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಅದೊಂದು. ಒಂದು ತಿಂಗಳು ನಮ್ಮತ್ತೆ ಆ ಹುಡುಗಿಗೆ ಓಮದ ಕಷಾಯ, ಮಜ್ಜಿಗೆ ಅನ್ನ ಬಿಟ್ಟು ಬೇರೆ ಏನನ್ನೂ ಕೊಡಲಿಲ್ಲ. ದಿನಾ ಕಿತ್ತೂರಿನತನಕ ಸೈಕಲ್ ತುಳಿಯುವವಳಿಗೆ ಮಜ್ಜಿಗೆ ಅನ್ನ! ನಾನು ಸೆರಗಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ ಕದ್ದು ಸಾಗಿಸುತ್ತಿದ್ದೆ.

ಕೊನೆಗೆ ಒಂದು ಮುಂಜಾನೆ ಅತ್ತೆಯೇ ಚರಗಿ ಹಿಡಿದು ಬಣವಿಯ ಕಡೆ ಬಂದರು. ಮಗಳ ಸೀರೆ ಸೊಸೆಯ ತೊಡೆಯ ಮೇಲಿದೆ, ಮಗಳಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲಾ ಗಾಳಿಯ ಹಾಗೆ ಬಂದು ನಿಂತಳು. ಅತ್ತೆ ಮಗಳ ಕಾಲನ್ನು ನೋಡಿದರು, ಚಡ್ಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಹೊಟ್ಟಿ ಆರಾಮೈತಿ ಹಂಗಾರ" ಎಂದರು. "ಆರಾಮೈತಿ ಅವ್ವಾ." "ನಾಳಿಂದ ರೊಟ್ಟಿ ತಿನ್ನು." ಅಷ್ಟೇ. ಮರುದಿನದಿಂದ ರೊಟ್ಟಿಯ ಮೇಲೆ ಬೆಣ್ಣೆಯೂ ಬಂತು.

ಮಾವನವರಿಗೆ ಗೊತ್ತಾದದ್ದು ಕಿತ್ತೂರಿನ ಸಂತೆಯಲ್ಲಿ. ಹೈವೇ ಬದಿಯ ಚಾದಂಗಡಿಯವನು, "ಗೌಡ್ರ, ನಿಮ್ಮ ಮಗಳು ದಿನಾ ಮುಂಜಾನಿ ನಮ್ಮ ಅಂಗಡಿ ಮುಂದನ ಹೊಳ್ಳಿ ವಾಪಸ್ ಹೋಗತಾಳ, ಒಂದಿನಾನೂ ಚಾ ಕುಡದಿಲ್ಲ ನೋಡ್ರಿ" ಎಂದು ಬಹಳ ಬೇಜಾರಿನಿಂದ ಹೇಳಿದನಂತೆ. ಮಾವನವರು ಕೂಗಾಡುವ ಮನುಷ್ಯರಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮಗಳನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ರಾಮದುರ್ಗದವರು ನಿನ್ನ ಕೇಳಾಕ ಹತ್ತಿ ವರ್ಷಾತು. ಚಲೋ ಮಂದಿ. ನಾ ತಡದೇನಿ. ಈ ಓಟ ಓಡು. ಇಬ್ಬರೊಳಗ ಬಂದಿ, ಎಲ್ಲಿ ಬೇಕಾದ್ರೂ ಹೋಗು, ನಾ ಕೇಳೂದಿಲ್ಲ. ಬರಲಿಲ್ಲ, ಸೈಕಲ್ ಅಟ್ಟದ ಮ್ಯಾಲೆ, ನೀ ಹಸಿಮಣಿ ಮ್ಯಾಲೆ. ಕಬೂಲೇನು?"

"ಕಬೂಲ್ ಅಪ್ಪಾ" ಎಂದಳು ನೀಲಾ. ಒಂದು ಕ್ಷಣವೂ ಯೋಚಿಸಲಿಲ್ಲ.

ಈಗ ನನ್ನ ಎರಡನೆಯ ದೊಡ್ಡ ತಪ್ಪಿಗೆ ಬರುತ್ತೇನೆ. ಓಟದ ದಾರಿ ನನ್ನ ತವರಿನ ಮಗ್ಗುಲಿಗೇ ಹಾದು ಹೋಗುತ್ತದೆಂದು ತಿಳಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಚಿಗವ್ವನ ಮನೆ ತೊರಗಲ್ ಕ್ರಾಸಿನ ಹತ್ತಿರವೇ. ಕೂಡಲೇ ಒಂದು ಕಾರ್ಡು ಬರೆದು ಹಾಕಿದೆ. 'ನನ್ನ ನಾದಿನಿ ಮೊದಲನೇ ಸಲ ನಮ್ಮೂರ ಕಡೆ ಬರಲಿದ್ದಾಳೆ, ಸೈಕಲ್ ಮೇಲೆ ಬರುತ್ತಾಳೆ, ಕರಿ ಚಡ್ಡಿಯ ಗುರುತು, ಎಲ್ಲರೂ ನಿಂತು ನೋಡಿರಿ.' ನೋಡಿರಿ ಎಂದು ಬರೆದಿದ್ದೆ, ಅಷ್ಟೇ. ಆದರೆ ಬೀಗರ ಹೆಣ್ಣುಮಗಳು ಮೊದಲನೇ ಸಲ ಬರುತ್ತಾಳೆಂದ ಮೇಲೆ ನಮ್ಮ ಕಡೆಯ ಯಾವ ಹೆಂಗಸು ಬರೀ ನೋಡುತ್ತ ನಿಲ್ಲುತ್ತಾಳೆ? ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಕುಬುಸಕ್ಕೊಂದು ಖಣ. ಬರಿ ಉಡಿಯಲ್ಲಿ ಕಳಿಸಿದರೆ ಇಡೀ ಓಣಿ ಆಡಿಕೊಳ್ಳುತ್ತದೆ. ತುಂಬಲು ಬಂದ ಉಡಿಯನ್ನು ಒಲ್ಲೆ ಎನ್ನುವುದು ಇನ್ನೂ ಕೆಟ್ಟದ್ದು. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ, ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ. ಹೆಮ್ಮೆ ತಲೆಗೇರಿದಾಗ ಹಾಗೇ ಆಗುತ್ತದೆ.

ಓಟದ ದಿನ ನೀಲಾಳನ್ನು ಸವದತ್ತಿಯಲ್ಲಿ ಬಿಟ್ಟು ಮಾವನವರು, ನಮ್ಮವರು, ನಾನು ಬಸ್ಸು ಹಿಡಿದು ನೆಟ್ಟಗೆ ರಾಮದುರ್ಗಕ್ಕೆ ಹೋದೆವು. ಮುಗಿಯುವ ಜಾಗದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಗಂಡಿನ ಕಡೆಯವರೂ ಬಂದಿದ್ದರು, ಹೇಗಿದ್ದರೂ ಅವರ ಊರು. ನಾನು ಸೆರಗು ಹೊದ್ದು ಹಿಂದೆ ನಿಂತು, ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ. ಮೊದಲು ವಿಜಾಪುರದ ಹುಡುಗಿ ಬಂದಳು. ಅವಳ ಬೆನ್ನಿಗೇ ಬೆಳಗಾವಿಯವಳು. ಆಮೇಲೆ ರಸ್ತೆ ಖಾಲಿ.

ಸುಮಾರು ಹೊತ್ತಾದ ಮೇಲೆ ನೀಲಾ ಕಂಡಳು. ಹಣೆಯ ತುಂಬ ಕುಂಕುಮ, ಬೆವರಿಗೆ ಅದು ಮೂಗಿನವರೆಗೂ ಇಳಿದಿತ್ತು. ಕೂದಲಲ್ಲಿ ಅಕ್ಕಿಕಾಳು. ಹ್ಯಾಂಡಲ್ಲಿಗೆ ಹಸಿರು ಖಣ ಕಟ್ಟಿತ್ತು. ಅಂಗಿಯ ಮುಂಭಾಗ ಬಸುರಿಯ ಹಾಗೆ ಉಬ್ಬಿತ್ತು. ಗೆರೆ ದಾಟಿ ಇಳಿದಾಗ ಅಂಗಿಯ ಒಳಗಿಂದ ಕೊಬ್ಬರಿ ಬಟ್ಟಲು ಉರುಳಿ ಬಿತ್ತು, ಅದರ ಹಿಂದೆ ಅಕ್ಕಿ ಸುರಿಯಿತು. ಸೆರಗಿಲ್ಲದ್ದಕ್ಕೆ ಅಂಗಿಯನ್ನೇ ಮುಂದೆ ಚಾಚಿ ಉಡಿ ತುಂಬಿಸಿಕೊಂಡು, ಅದನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡು ಬಂದಿದ್ದಳು. ಅಷ್ಟು ದೂರ ಅಕ್ಕಿಕಾಳಿನ ಮೇಲೆ ಕುಳಿತು ತುಳಿದಿದ್ದಳು, ನೀವೇ ಊಹಿಸಿಕೊಳ್ಳಿ.

"ತೊರಗಲ್ ಕ್ರಾಸಿನ್ಯಾಗ ನಿಮ್ಮ ಚಿಗವ್ವ ಆರತಿ ತಾಟು ಹಿಡಕೊಂಡು ನಡುರಸ್ತೆದಾಗ ನಿಂತಿದ್ರು" ಎಂದಳು ಏದುಸಿರು ಬಿಡುತ್ತ. ಮತ್ತೇನೂ ಹೇಳಲಿಲ್ಲ. ನನಗೆ ನಾನು ಬರೆದ ಕಾರ್ಡು ನೆನಪಾಯಿತು.

ಅರ್ಧ ಗಂಟೆಯ ಮೇಲೆ ನಾವೆಲ್ಲ ಗಂಡಿನವರ ಪಡಸಾಲೆಯಲ್ಲಿದ್ದೆವು. ಸೊಸೆಯಾಗುವವಳು ಚಡ್ಡಿ ಹಾಕಿಕೊಂಡು ಪೇಟೆಯ ನಡುವೆ ಬಂದದ್ದನ್ನು ನೋಡಿ ಅವರು ಹಿಂದೆ ಸರಿಯುತ್ತಾರೆಂದು ನನಗೊಂದು ಸಣ್ಣ ಆಸೆಯಿತ್ತು. ಎಲ್ಲಿಯ ಮಾತು! ಗಂಡಿನ ತಂದೆ ಮೀಸೆಯಲ್ಲೇ ನಗುತ್ತ, "ನಿಶ್ಚೆ ಆಗೂದಕ್ಕಿಂತ ಮದಲ ಉಡಿ ತುಂಬಿಸಿಕೊಂಡು ನಮ್ಮೂರ ಹೊಕ್ಕಾಳ. ಇದಕ್ಕಿಂತ ಚಲೋ ಶಕುನ ಬೇಕೇನ್ರಿ ಗೌಡ್ರ?" ಎಂದರು. ಸುತ್ತ ಕುಳಿತವರೆಲ್ಲ ಹೌದ್ಹೌದೆಂದರು. ಮಾವನವರು ಟೋಪಿ ಸರಿಮಾಡಿಕೊಂಡು, "ಶರತ್ತಿನ ಪ್ರಕಾರನೂ ಆತು, ಶಕುನದ ಪ್ರಕಾರನೂ ಆತು. ಮಾತು ಗಟ್ಟಿ. ಸಕ್ಕರಿ ತರಸ್ರಿ" ಎಂದರು.

ಒಳಗೆ ಅಡುಗೆಮನೆಯ ಬಾಗಿಲಲ್ಲಿ ನೀಲಾ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೋ ಏನೋ. ಅವಳ ಎರಡೂ ಕಾಲು ಥರಥರ ನಡುಗುತ್ತಿದ್ದವು, ನಿಲ್ಲಲಿ ಎಂದು ಕೈಯಿಂದ ಒತ್ತಿ ಹಿಡಿದಿದ್ದಳು. ಆ ಕಾಲುಗಳು ಏನು ಪಡಿಪಾಟಲು ಪಟ್ಟಿವೆಯೆಂಬುದು ಗಡಿಯಾರ ಹಿಡಿದು ಕುಳಿತಿದ್ದ ನನಗೆ ಗೊತ್ತಿತ್ತು. ಅವೆಲ್ಲ ಮಣ್ಣುಪಾಲಾದದ್ದು ನನ್ನ ಒಂದು ಕಾರ್ಡಿನಿಂದ.

ಮದುವೆಯಾಗಿ ಬಂದಂದಿನಿಂದ ನಾನು ಮಾವನವರ ಎದುರು ಒಂದೇ ಒಂದು ಮಾತಾಡಿರಲಿಲ್ಲ. ನಮ್ಮ ಕಡೆ ಸೊಸೆಯಂದಿರು ಮಾತಾಡುವುದಿಲ್ಲ, ಬಾಗಿಲ ಹಿಂದಿನಿಂದ ಬಳೆ ಸದ್ದು ಮಾಡಿ ಊಟಕ್ಕಾಯಿತೆಂದು ತಿಳಿಸುತ್ತೇವೆ. ಆ ದಿನ ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಹೋಗಿ ನಿಂತೆ. ಹೇಗೆ ಹೋದೆನೋ ಶಿವನೇ ಬಲ್ಲ.

"ಮಾವಾರ, ಸಕ್ಕರಿ ತರಸಬ್ಯಾಡ್ರಿ" ಎಂದೆ. ಧ್ವನಿ ಕೀರಲಾಗಿ ಬಂತು. "ಓಟ ಸೋತಾಕಿ ನೀಲಾ ಅಲ್ರಿ, ನಾನು. ಆಕಿ ಬರತಾಳಂತ ಚಿಗವ್ವಗ ಕಾರ್ಡ್ ಬರದಾಕಿ ನಾನರಿ. ಶರತ್ತು ನೀವು ಆಕಿಗೆ ಹಾಕಿದ್ರಿ, ನನಗ ಹಾಕಿದ್ದಿಲ್ಲ. ನಾ ಮಾಡಿದ ತಪ್ಪಿಗೆ ಆಕಿ ಯಾಕ ಹಸಿಮಣಿ ಏರಬೇಕ್ರಿ? ಇನ್ನೊಂದು ವರ್ಷ ಕೊಡ್ರಿ. ಅವಾಗ ಸೋತರ ಆಕಿದು ತಪ್ಪು."

ಮಾವನವರು ನನ್ನ ಕಡೆ ನೋಡಲಿಲ್ಲ. ಮಗನ ಕಡೆ ತಿರುಗಿ, "ಇದು ನಿನ್ನ ಹೇಂತಿ ಧ್ವನಿ ಏನೋ?" ಎಂದು ಕೇಳಿದರು. ನಮ್ಮವರು, "ಹೌದಪ್ಪಾ" ಎಂದರು, ಅವರ ಧ್ವನಿ ನನ್ನದಕ್ಕಿಂತ ಕೀರಲಾಗಿತ್ತು. ಮಾವನವರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. ಆಮೇಲೆ ಬೀಗರಾಗಲಿದ್ದವರಿಗೆ ಕೈ ಮುಗಿದು ಎದ್ದರು. ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದರು: "ಒಂದು ವರ್ಷ. ಮುಂದಿನ ಸಲ ಆ ತೊರಗಲ್ಲ ಮುದುಕಿನ್ನ ಮನ್ಯಾಗ ಕೂಡಿ ಹಾಕಿ ಬರ್ರಿ."

ಮುಂದಿನ ವರ್ಷ ಆ ಕೆಲಸಕ್ಕೆ ನಾನೇ ಹೋದೆ. ಚಿಗವ್ವನ ಜೊತೆ ಮಾತು ಬಿಟ್ಟಿದ್ದೆ. "ಎಲ್ಲಾರಿಗಿಂತ ಮುಂದ ಬಂದಾಕಿನ ಆಕಿ, ಹಿಂದ ಮುಂದ ಒಂದು ನರಪಿಳ್ಳಿ ಇದ್ದಿಲ್ಲ" ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದದ್ದು ನನ್ನ ಹೊಟ್ಟೆಗೆ ಬೆಂಕಿ ಹಾಕಿತ್ತು. ಮೊದಲನೆಯವಳಾಗಿದ್ದವಳನ್ನು ನಿಲ್ಲಿಸಿ ಮೂರನೆಯವಳನ್ನಾಗಿ ಮಾಡಿದೆಯಲ್ಲ ಎಂದು. ಕ್ರಾಸಿನಲ್ಲಿ ಅವಳ ರಟ್ಟೆ ಹಿಡಿದು ನಿಂತೆ, ಮಾತಿಲ್ಲ ಕತೆಯಿಲ್ಲ. ನೀಲಾ ಬಂದಳು. ಎರಡು ಸಲ ರೆಪ್ಪೆ ಬಡಿಯುವುದರೊಳಗೆ ಹೋಗಿಯೇಬಿಟ್ಟಳು. ಪಕ್ಕದಲ್ಲಿ ನಾನಿದ್ದೇನೆಂದು ನೋಡಲಿಲ್ಲ, ನೋಡುವುದೂ ಬೇಡವಾಗಿತ್ತು. ಹಲ್ಲು ಕಚ್ಚಿದ ಆ ಮುಖದಲ್ಲಿ ಯಾರ ಮಗಳೂ ಇರಲಿಲ್ಲ, ಯಾರ ನಾದಿನಿಯೂ ಇರಲಿಲ್ಲ. ನನಗೆ ನಡುರಸ್ತೆಯಲ್ಲಿ ಅಳು ಬಂತು. ಆ ಸಲ ರಾಮದುರ್ಗದ ಗೆರೆಯನ್ನು ಅವಳೇ ಮೊದಲು ದಾಟಿದಳು.

ಮುಂದಿನದೆಲ್ಲ ಸೈಕಲ್ಲಿನ ಮೇಲೇ. ರಾಜ್ಯದ ತಂಡ, ದೂರದ ಊರುಗಳ ರಸ್ತೆಗಳು, ಭಾಷೆ ಬಾರದ ಊರಲ್ಲಿ ಕೈಸನ್ನೆಯಲ್ಲಿ ರೊಟ್ಟಿ ಕೇಳಿದ್ದು. ಎರಡು ವರ್ಷಕ್ಕೆ ನೌಕರಿಯೂ ಸಿಕ್ಕಿತು. ಬೆಳಿಗ್ಗೆ ತುಳಿಯುವುದು, ಸಂಜೆ ತುಳಿಯುವುದು, ನಡುವೆ ಆಫೀಸಿಗೆ ಹೋಗಿ ಸಹಿ ಮಾಡುವುದು. ಮೊದಲ ಪಗಾರದಲ್ಲಿ ಅಣ್ಣನಿಗೆ ಒಂದು ಪ್ಯಾಂಟಿನ ಬಟ್ಟೆ ತಂದಳು. ಒಂದು ಘಾಟಿನಲ್ಲಿ ಬಿದ್ದು ಹೆಗಲಿನ ಎಲುಬು ಮುರಿದುಕೊಂಡಳು. ಇನ್ನು ಸಾಕು ಮಾಡು ಎಂದು ಕಾಗದ ಬರೆದದ್ದಕ್ಕೆ, 'ಎಡಹೆಗಲು ಮುರಿದಿದೆ ವೈನಿ, ಕಾಲು ಅಲ್ಲ' ಎಂದು ಬಲಗೈಯಿಂದ ಉತ್ತರ ಬರೆದಳು. ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. ಅದನ್ನೂ ಅವಳೇ ಹೇಳುತ್ತಿದ್ದಳು, ಬೇಜಾರಿಲ್ಲದೆ. ಮದುವೆಯಾದಳೇ ಎಂದು ನೀವು ಕೇಳುತ್ತೀರಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಆದಳು, ಪುರಸೊತ್ತಾದಾಗ.

ಮೊನ್ನೆ ಆ ಟ್ರಂಕು ಮುಚ್ಚಿ ಅವಳಿಗೆ ಫೋನು ಹಚ್ಚಿದೆ. ಈಗ ಅವಳು ಧಾರವಾಡದಲ್ಲಿದ್ದಾಳೆ, ಮಂಡಿನೋವಿನವಳು. ಅದು ಇದು ಮಾತಾಡುತ್ತ, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ನೀಲಾ, ಖರೇ ಹೇಳು. ನಮ್ಮ ಚಿಗವ್ವ ನಿಲ್ಲಿಸಿರಲಿಲ್ಲಂದ್ರ ಅವತ್ತ ನೀನ ಗೆಲ್ಲತಿದ್ದಿ, ಹೌದಿಲ್ಲೋ?"

ಆ ಕಡೆಯಿಂದ ನಗು ಕೇಳಿಸಿತು.

"ಎಲ್ಲೀ ಗೆಲ್ಲೂದ್ರಿ ವೈನೀ. ಮುಂದಿನ ಇಬ್ಬರು ನನ್ನ ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ರು. ಅವರು ದಾಟಿ ಹೋದಾಗ ನಿಮ್ಮ ಚಿಗವ್ವ ಇನ್ನೂ ಮನಿಯೊಳಗ ಅಕ್ಕಿ ಅಳೀತಿದ್ದಿರಬೇಕು. ನಾ ಮೂರನೇದಾಕೀನ ಇದ್ದೆ, ಮೂರನೇದಾಕೀನ ಹೋದೆ. ಕಾಲು ಸತ್ತ ಹೋಗಿದ್ದುವು. ಅವರು ನಿಲ್ಲಿಸಿ ಒಂದು ಚರಗಿ ಮಜ್ಜಿಗಿ ಕುಡಿಸಿದ್ರಂತ ರಾಮದುರ್ಗ ಮುಟ್ಟಿದೆ. ಇಲ್ಲಂದ್ರ ಅಲ್ಲೇ ದಾರ್‍ಯಾಗ ಬೀಳತಿದ್ದೆ."

ನನ್ನ ಮೈ ಉರಿದುಹೋಯಿತು. ಚಿಗವ್ವನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಆಮೇಲೆ ಆಡಿದೆ, ಆದರೆ ಮೊದಲಿನ ಹಾಗೆ ಅಲ್ಲ. ಅವಳು ತೀರಿಕೊಂಡು ಎಷ್ಟೋ ಕಾಲವಾಯಿತು, ಈಗ ಯಾರ ಕಾಲು ಹಿಡಿಯಲಿ? "ಅವತ್ತ ರಾಮದುರ್ಗದಾಗ ನೀ ನನ್ನ ಬಾಜೂನ ನಿಂತಿದ್ದೆಲ್ಲ" ಎಂದು ಕೂಗಿದೆ. "ಖರೇ ಹೇಳಾಕ ಏನು ಧಾಡಿ ಆಗಿತ್ತು ನಿನಗ?"

"ಹೇಳಬೇಕಂತ ಬಾಯಿ ತಗದಿದ್ದೆರಿ" ಎಂದಳು ನೀಲಾ, ಈಗ ನಗದೆ. "ಅಷ್ಟರಾಗ ನೀವು ಹೊಸ್ತಲಾ ದಾಟಿ ಹೊರಗ ಹೋದ್ರಿ. ಹೇಳಿದ್ದರ ಹೋಗತಿದ್ರೇನ್ರಿ ವೈನೀ?"

ಫಟ್ಟನೆ ಫೋನು ಇಟ್ಟುಬಿಟ್ಟೆ. ಎರಡು ದಿನ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಸೊಸೆ ಪಾಪ, ಚಡ್ಡಿಯ ಮಾತಿಗೇ ನಾನು ಮುನಿಸಿಕೊಂಡೆನೆಂದು ಸುತ್ತಮುತ್ತ ಸುಳಿಯುತ್ತಿದ್ದಳು. ತಪ್ಪು ನನ್ನದೆಂದು ನಂಬಿಯೇ ನಾನು ಅಂದು ಬಾಯಿ ಬಿಟ್ಟದ್ದು. ತಪ್ಪು ಯಾರದೂ ಅಲ್ಲ, ಹುಡುಗಿ ಸುಮ್ಮನೆ ಸೋತಿದ್ದಾಳೆ, ಅವಳಿಗೆ ಇನ್ನೊಂದು ವರ್ಷ ಬೇಕು ಎಂದಷ್ಟೇ ಹೇಳಬೇಕಾಗಿದ್ದರೆ? ಅದೂ ಹೇಳಬೇಕಾದ ಮಾತೇ ಆಗಿತ್ತು. ಸೋತವಳಿಗೂ ಇನ್ನೊಂದು ವರ್ಷ ಕೇಳಬಹುದಿತ್ತು. ನನಗೆ ಅದು ಹೊಳೆಯುತ್ತಲೂ ಇರಲಿಲ್ಲ.

ಇವತ್ತು ಮುಂಜಾನೆ ನಾನೇ ಫೋನು ಮಾಡಿದೆ. ಅವಳು ಎತ್ತಿ "ವೈನೀ" ಎಂದಳು.

"ಹೋಗತಿದ್ದಿಲ್ಲ" ಎಂದೆ.

"ಗೊತ್ತಿತ್ರಿ" ಎಂದಳು ನೀಲಾ. "ಅದಕ್ಕ ಸುಮ್ನಿದ್ದೆ."